ಅಟ್ಟದ ಕಾಯಿ, ಅಮೆರಿಕದ ಅರ್ಜಿ

ಪೇಟೆ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ರಾತ್ರಿ ಎಂಟಾದರೂ ಗಿರಾಕಿಗಳು ಕರಗುವುದಿಲ್ಲ. ಪಹಣಿ ತೆಗೆಸುವವರು, ಸ್ಕಾಲರ್‌ಶಿಪ್ ಅರ್ಜಿ ಹಾಕಿಸುವವರು, ಕರೆಂಟ್ ಬಿಲ್ ಕಟ್ಟಿಸುವವರು. ಅವರೆಲ್ಲ ಎದ್ದು ಹೋದ ಮೇಲೆ ಅಂಗಡಿಯ ಹುಡುಗ ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದು, ಟವಲಿನಿಂದ ಒರೆಸಿ, "ಬನ್ನಿ ಮೇಷ್ಟ್ರೇ, ಅಮ್ಮಾ ನೀವೂ ಇಲ್ಲೇ ಕೂತ್ಕೊಳ್ಳಿ" ಅನ್ನುತ್ತಾನೆ. ಮೇಷ್ಟ್ರು ತಿಪಟೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ನಿವೃತ್ತರಾದವರು, ಈ ಹುಡುಗನಿಗೂ ಪಾಠ ಹೇಳಿದವರು. ಮಗಳು ಶಿಕಾಗೊದಲ್ಲಿದ್ದಾಳೆ, ಮೂರು ತಿಂಗಳ ಬಸುರಿ. ಬಾಣಂತನಕ್ಕೆ ಅಮ್ಮ ಹೋಗಬೇಕು, ಜೊತೆಗೆ ಅಪ್ಪನೂ. ನೆರೆಮನೆಯವನಾದ ನನಗೂ ಒಂದು ಸ್ಟೂಲು ಸಿಕ್ಕಿದೆ.

ಪರದೆಯ ಮೇಲೆ ಡಿಎಸ್-160 ತೆರೆದುಕೊಂಡಿದೆ. ಅಮೆರಿಕಕ್ಕೆ ನೆಂಟರನ್ನು ನೋಡಲು, ಊರು ಸುತ್ತಲು ಹೋಗುವವರು ತುಂಬಲೇಬೇಕಾದ ಅರ್ಜಿ ಅದು. ಇಪ್ಪತ್ತು ನಿಮಿಷ ಕೈ ಮುಟ್ಟದೆ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹುಡುಗ ಮೊದಲು ಮಾಡಿದ ಕೆಲಸ, ಎಎ00 ಎಂದು ಶುರುವಾಗುವ ಅರ್ಜಿ ಸಂಖ್ಯೆಯನ್ನು ಮೇಷ್ಟ್ರ ಡೈರಿಯಲ್ಲಿ ಬರೆಸಿದ್ದು. "ವಿಳಾಸದಲ್ಲಿ ಸ್ಟೇಟ್ ಡಾಟ್ ಗವ್ ಅಂತ ಇದೆಯಾ ನೋಡ್ಕೊಳ್ಳಿ ಮೇಷ್ಟ್ರೇ. ಅದಿಲ್ಲದ್ದು ಬೇರೆಯವರ ಅಂಗಡಿ, ಫಾರ್ಮಿಗೂ ದುಡ್ಡು ಕೇಳ್ತಾರೆ." ನಿಜ, ಅರ್ಜಿ ತುಂಬುವುದಕ್ಕೆ ಕಾಸಿಲ್ಲ. ಕಟ್ಟಬೇಕಾದ್ದು ಸಂದರ್ಶನದ ದಿನ ಗೊತ್ತುಮಾಡುವ ಮುಂಚೆ, ತಲೆಗೆ 185 ಡಾಲರ್. ವೀಸಾ ಸಿಗಲಿ ಬಿಡಲಿ, ಆ ದುಡ್ಡು ವಾಪಸ್ ಬರುವುದಿಲ್ಲ.

ಹೆಸರಿನ ಪುಟವೇ ಮೊದಲ ಏರು. ನಮ್ಮ ಬಯಲುಸೀಮೆಯ ಹಳೆ ತಲೆಮಾರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ತಮ್ಮ ಹೆಸರು. ಹೆಂಗಸರಿಗೆ ಅದೂ ಇಲ್ಲ, ಒಂದೇ ಪದ, ಕೊನೆಗೊಂದು ಅಮ್ಮ. ಪಾಸ್‌ಪೋರ್ಟಿನಲ್ಲಿ ಒಂದೇ ಪದವಿದ್ದರೆ ಅಮೆರಿಕದವರು ಅದನ್ನು ಮನೆತನದ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಮೂರಕ್ಷರ ಒತ್ತುತ್ತಾರೆ: ಹೆಸರು ಗೊತ್ತಿಲ್ಲ ಎಂದರ್ಥ. ಅರಬ್ ಎಮಿರೇಟ್ಸ್ ಇನ್ನೂ ಬಿಗಿ. 2022ರ ನವೆಂಬರಿನಲ್ಲಿ, ಒಂದೇ ಪದದ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದುಬಿಟ್ಟಿತು. ಅಪ್ಪನ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ದರೆ ಆದೀತು ಎಂಬ ಸಡಿಲಿಕೆ ಆಮೇಲೆ ಬಂತು. ಮೇಷ್ಟ್ರು ಮುಂದಾಲೋಚನೆಯವರು. ಪಾಸ್‌ಪೋರ್ಟ್ ಮಾಡಿಸುವಾಗಲೇ ತಮ್ಮ ಇನಿಷಿಯಲ್ಲುಗಳನ್ನು ಪೂರ್ತಿ ಬಿಡಿಸಿ, ಹೆಂಡತಿಯ ಹೆಸರಿನ ಮುಂದೆ ತಮ್ಮ ಹೆಸರು ಸೇರಿಸಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಅದೇ ಕಾಗುಣಿತ ಬರುವಂತೆ ಓಡಾಡಿದ್ದರು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ಪಡೆಯುವ ವ್ಯವಸ್ಥೆ 2017ರ ಜನವರಿಯಲ್ಲಿ ಮೈಸೂರಿನಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ್ದರಿಂದ ಬೆಂಗಳೂರಿನ ತಿರುಗಾಟ ಎಷ್ಟೋ ಜನರಿಗೆ ತಪ್ಪಿದೆ. ಆದರೆ ಕಾಗುಣಿತದ ತಿರುಗಾಟ ತಪ್ಪಿಲ್ಲ. ಒಂದು ಕಾಗದದಲ್ಲಿ ಎಚ್ ಹೆಚ್ಚಿದ್ದರೆ ಇನ್ನೊಂದರಲ್ಲಿ ಎ ಕಮ್ಮಿ.

ಹುಟ್ಟಿದ ದಿನದ ಸಮಸ್ಯೆಯೂ ಇದೇ ಜಾತಿಯದು. ಜಾತಕದಲ್ಲಿ ಮೇಷ್ಟ್ರು ಹುಟ್ಟಿದ್ದು ಕಾರ್ತಿಕದಲ್ಲಿ, ಶಾಲೆಯ ದಾಖಲೆಯಲ್ಲಿ ಜೂನ್ ತಿಂಗಳಲ್ಲಿ. ಸೇರಿಸಿಕೊಂಡ ಹೆಡ್‌ಮಾಸ್ತರರು ಹಾಗೆ ಬರೆದರು, ಬದುಕು ಹಾಗೇ ನಡೆಯಿತು. ವೀಸಾ ಅರ್ಜಿಗೆ ಬೇಕಾದ್ದು ಪಾಸ್‌ಪೋರ್ಟಿನ ದಿನ. ಅಷ್ಟೇ.

ಅದೇ ಪುಟದಲ್ಲಿ ಒಂದು ಖಾನೆ ಇದೆ: ನಿಮ್ಮ ಪೂರ್ತಿ ಹೆಸರನ್ನು ನಿಮ್ಮ ಲಿಪಿಯಲ್ಲಿ ಬರೆಯಿರಿ. ಹುಡುಗ ಕೀಲಿಮಣೆಯನ್ನು ಕನ್ನಡಕ್ಕೆ ಹೊರಳಿಸುತ್ತಾನೆ. ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಸಾಲು ಕನ್ನಡ ಮೂಡುತ್ತದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಮುಂದೆ ಬಾಗಿ, ಒಂದೊಂದೇ ಅಕ್ಷರ ಓದಿ, "ಒತ್ತು ಬಿಟ್ಟಿದೀಯ ನೋಡಪ್ಪ" ಅನ್ನುತ್ತಾರೆ. ಹುಡುಗ ತಿದ್ದುತ್ತಾನೆ. ಅಲ್ಲಿಯವರೆಗೆ ಸುಮ್ಮನಿದ್ದವರು ಅಲ್ಲಿಂದ ಮುಂದೆ ಸುಮ್ಮನಿರುವುದಿಲ್ಲ.

ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಯಾರ ಮನೆಯಲ್ಲಿ ಇಳಿದುಕೊಳ್ಳುತ್ತೀರಿ, ಖರ್ಚು ಯಾರದು, ಅಪ್ಪ ಅಮ್ಮ ಹುಟ್ಟಿದ್ದು ಯಾವಾಗ, ಐದು ವರ್ಷದಲ್ಲಿ ಯಾವ ದೇಶಕ್ಕೆ ಹೋಗಿದ್ದಿರಿ, ಫೇಸ್‌ಬುಕ್ಕಿನಲ್ಲಿ ನಿಮ್ಮ ಹೆಸರೇನು, ನೀವು ಯಾವುದಾದರೂ ಬುಡಕಟ್ಟಿಗೆ ಸೇರಿದವರೇ? ಆಮೇಲೆ ಭದ್ರತೆಯ ಪುಟಗಳು. ಭಯೋತ್ಪಾದನೆಯಲ್ಲಿ ಭಾಗಿಯಾಗಿದ್ದೀರಾ, ಮಾದಕ ವಸ್ತುವಿನ ಚಟ ಇದೆಯಾ, ಜನರ ಕಳ್ಳಸಾಗಣೆ ಮಾಡಿದ್ದೀರಾ? ಹುಡುಗ ಓದಿ ಹೇಳುವಾಗ ತಲೆ ತಗ್ಗಿಸುತ್ತಾನೆ. ತನಗೆ ಪಾಠ ಹೇಳಿದವರನ್ನು ಹೀಗೆ ಕೇಳುವುದು ಅವನಿಗೆ ಆಗದು. "ತಲೆ ಎತ್ತಿ ಓದು ಮರಿ, ಎಲ್ಲರಿಗೂ ಕೇಳೋದನ್ನೇ ನಮಗೂ ಕೇಳ್ತಿದ್ದಾರೆ" ಅನ್ನುತ್ತಾರೆ ಮೇಷ್ಟ್ರು. ಅಮೆರಿಕದಲ್ಲಿ ಹತ್ತಿರದ ಸಂಬಂಧಿಕರಿದ್ದಾರಾ ಎಂಬಲ್ಲಿ ಹುಡುಗ ತಡೆಯುತ್ತಾನೆ. ಕೆಲವು ಏಜೆಂಟರು ಇಲ್ಲ ಅಂತ ಹಾಕಿಸುತ್ತಾರಂತೆ, ಅಲ್ಲೇ ಉಳಿದುಬಿಡುತ್ತಾರೆ ಎಂಬ ಅನುಮಾನ ಬರದಿರಲಿ ಅಂತ. ಇದು ಅಪಾಯದ ಬುದ್ಧಿವಂತಿಕೆ. ಬೇಕೆಂದೇ ಸುಳ್ಳು ಹೇಳಿದ್ದು ಗೊತ್ತಾದರೆ ಅಮೆರಿಕದ ಕಾನೂನು ಆ ಮನುಷ್ಯನಿಗೆ ಬಾಳಪೂರ್ತಿ ಬಾಗಿಲು ಮುಚ್ಚಬಹುದು. ಮಗಳನ್ನು ನೋಡಲು ಹೋಗುವ ತಾಯಿ ಮಗಳೇ ಇಲ್ಲ ಎಂದು ಬರೆಸುವುದೆಂದರೆ ಏನು! ಮೇಷ್ಟ್ರು "ಇದ್ದಾಳೆ ಅಂತ ಬರಿ" ಅಂದರು.

ಉದ್ಯೋಗದ ಖಾನೆ ಬಂತು. ಮೇಷ್ಟ್ರದು ನಿವೃತ್ತಿ. ಅಮ್ಮನದಕ್ಕೆ ಹುಡುಗ ಕೇಳಲೂ ಇಲ್ಲ, ಗೃಹಿಣಿ ಎಂಬುದನ್ನು ಒತ್ತಿ ಮುಂದಿನ ಪುಟಕ್ಕೆ ಹೋಗುವುದರಲ್ಲಿದ್ದ.

"ಏನಂತ ಹಾಕಿದೆ?"

"ಹೌಸ್‌ವೈಫ್ ಅಂತ ಅಮ್ಮಾ. ಎಲ್ಲರಿಗೂ ಹಾಗೇ ಹಾಕೋದು."

"ತೋಟದ ಲೆಕ್ಕ ಯಾರಪ್ಪ ಬರೆಯೋದು? ಕಾಯಿ ಕೀಳೋರಿಗೆ ಕೂಲಿ ಕೊಡೋರು ಯಾರು? ಪಹಣಿ ಯಾರ ಹೆಸರಲ್ಲಿದೆ, ನೋಡು ಒಂದ್ಸಲ."

ಫೈಲು ಬಿಚ್ಚಿದರು. ಪಹಣಿ ನಿಜಕ್ಕೂ ಅವರ ಹೆಸರಿನಲ್ಲೇ ಇತ್ತು, ತವರಿನಿಂದ ಬಂದ ಜಮೀನು. ಹುಡುಗ ಹಿಂದಿನ ಪುಟಕ್ಕೆ ಹೋಗಿ ಕೃಷಿ ಎಂದು ಬದಲಾಯಿಸಿದ. ಕೃಷಿ ಅಂದ ಕೂಡಲೇ ಅರ್ಜಿ ಹೊಸ ಖಾನೆಗಳನ್ನು ಬಿಚ್ಚಿತು. ತಿಂಗಳ ವರಮಾನ ಎಷ್ಟು, ಮಾಡುವ ಕೆಲಸವನ್ನು ಚಿಕ್ಕದಾಗಿ ವಿವರಿಸಿ. ಕೊಬ್ಬರಿಗೆ ತಿಂಗಳ ವರಮಾನ ಎಲ್ಲಿಂದ ಬರಬೇಕು? ವರ್ಷದ ಮಾರಾಟವನ್ನು ಹನ್ನೆರಡರಿಂದ ಭಾಗಿಸಿ ಅಮ್ಮನೇ ಲೆಕ್ಕ ಹೇಳಿದರು. ಕೆಲಸದ ವಿವರಣೆಯನ್ನೂ ಅವರೇ ಹೇಳಿದರು, ಮೇಷ್ಟ್ರು ಇಂಗ್ಲಿಷ್ ಮಾಡಿದರು. ಬಲಿತ ಕಾಯಿಯನ್ನು ಮಟ್ಟೆಯೊಂದಿಗೇ ಅಟ್ಟಕ್ಕೆ ಏರಿಸಬೇಕು, ಎಂಟು ತಿಂಗಳಿಂದ ವರ್ಷದವರೆಗೆ ಅಲ್ಲೇ ಇರಬೇಕು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು, ಆಮೇಲೆ ಸುಲಿದು ಒಡೆದು ಮಂಡಿಗೆ ಕಳಿಸಬೇಕು. ಇಷ್ಟನ್ನು ಎರಡು ಸಾಲಿಗೆ ಇಳಿಸುವುದರಲ್ಲಿ ಮೇಷ್ಟ್ರಿಗೆ ಬೆವರು ಬಂತು.

ವೀಸಾ ತಯಾರಿ ಅಂದರೆ ಕಾಗದ ಕೂಡಿಸುವುದು ಎಂದು ಜನ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಿಟಕಿಯ ಹಿಂದಿನ ಅಧಿಕಾರಿ ಫೈಲು ಬಿಚ್ಚಿಸುವುದು ಅಪರೂಪ. ಅವರ ಪರದೆಯ ಮೇಲಿರುವುದು ಈ ಅರ್ಜಿ, ಮಾತಾಡಲು ಸಿಗುವುದು ಕೆಲವೇ ನಿಮಿಷ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮು, ಸಂದರ್ಶಕ ವೀಸಾ ಕೇಳುವವರೆಲ್ಲ ಅಲ್ಲೇ ನೆಲೆಸಲು ಬರುವವರು ಎಂದು ಮೊದಲೇ ಭಾವಿಸಿಕೊಳ್ಳುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಕೇಳುವವರದು. ಅಲ್ಲಿಗೆ ಅಧಿಕಾರಿಗೆ ತಿಳಿಯಬೇಕಾದ್ದು, ಈ ಮನುಷ್ಯ ಯಾಕೆ ಹೋಗುತ್ತಾನೆ ಎಂಬುದಕ್ಕಿಂತ ಹೆಚ್ಚಾಗಿ ಯಾಕೆ ವಾಪಸ್ ಬರುತ್ತಾನೆ ಎಂಬುದು. ಅದಕ್ಕೆ ಉತ್ತರ ಬ್ಯಾಂಕಿನ ಬಾಕಿಯಲ್ಲಿ ಒಂದಿಷ್ಟು ಇರಬಹುದು, ಮುಖ್ಯವಾಗಿ ಇರುವುದು ಬದುಕಿನಲ್ಲಿ. ಆ ಬದುಕನ್ನು ಬೇರೆಯವರು ಒಂದು ಪದದಲ್ಲಿ ಒತ್ತಿ ಮುಂದೆ ಹೋಗಬಾರದು. ಅದರಲ್ಲೂ ನಮ್ಮ ಅಮ್ಮಂದಿರ ವಿಷಯದಲ್ಲಿ ಇದು ಆಗುತ್ತಲೇ ಇದೆ. ಮಗ ಅಲ್ಲಿಂದ ಅರ್ಜಿ ತುಂಬಿಬಿಡುತ್ತಾನೆ, ಅಳಿಯ ಫೋನಿನಲ್ಲಿ ಉತ್ತರ ಕಲಿಸುತ್ತಾನೆ, ಕಿಟಕಿಯ ಮುಂದೆ ನಿಂತಾಗ ತಮ್ಮ ಬಗ್ಗೆ ಏನು ಬರೆದಿದೆಯೆಂದೇ ಅವರಿಗೆ ಗೊತ್ತಿರುವುದಿಲ್ಲ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ಪ್ರತಿ ಸಾಲು ಓದಿಸಿಕೊಳ್ಳುವುದಕ್ಕಿಂತ ದೊಡ್ಡ ತಯಾರಿ ಇಲ್ಲ.

ಫೋಟೊ ಮರುದಿನ. ಎರಡಿಂಚು ಅಗಲ, ಎರಡಿಂಚು ಎತ್ತರ, ಬಿಳಿಯ ಹಿನ್ನೆಲೆ, ಆರು ತಿಂಗಳೊಳಗೆ ತೆಗೆದದ್ದು. ಕನ್ನಡಕ ಕೂಡದು, 2016ರ ಕೊನೆಯಿಂದ ಆ ನಿಯಮ ಬಂದಿದೆ. ಸ್ಟುಡಿಯೊದವನಿಗೆ ಇದೆಲ್ಲ ಬಾಯಿಪಾಠ.

ಬೇರೆ ದೇಶಗಳಿಗೆ ಬೇರೆ ಪಾಠ, ಅಷ್ಟನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಯುರೋಪಿನ ಷೆಂಗೆನ್ ವೀಸಾ 29 ದೇಶಗಳಿಗೆ ಒಂದೇ, ಶುಲ್ಕ 90 ಯೂರೊ, ಫೋಟೊ 35 ಮಿಲಿಮೀಟರ್ ಅಗಲ 45 ಮಿಲಿಮೀಟರ್ ಎತ್ತರ, ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹಳದಿ ಜ್ವರವಿರುವ ಆಫ್ರಿಕದ ದೇಶಗಳಿಗೆ ಹೋಗಿ ಬರುವವರು ಹತ್ತು ದಿನ ಮೊದಲೇ ಚುಚ್ಚುಮದ್ದು ಹಾಕಿಸಿಕೊಂಡು ಹಳದಿ ಪುಸ್ತಿಕೆ ಜೊತೆಗಿಟ್ಟುಕೊಳ್ಳಬೇಕು, ಇಲ್ಲವಾದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಥಾಯ್ಲೆಂಡಿಗೆ 2025ರ ಮೇ 1ರಿಂದ ಆನ್‌ಲೈನ್ ಆಗಮನ ಕಾರ್ಡ್ ತುಂಬಿಕೊಂಡೇ ಹೋಗಬೇಕು.

ಮತ್ತೆ ನಮ್ಮ ದಂಪತಿಗೆ ಬರೋಣ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಕೊಡುವ ಕೆಲಸ ಅದರೊಂದಿಗೆ ಶುರುವಾಗಲಿಲ್ಲ. ಹಾಗಾಗಿ ಮೇಷ್ಟ್ರಿಗೂ ದಾರಿ ಚೆನ್ನೈಯದೇ. ತಿಂಗಳುಗಟ್ಟಲೆ ಕಾದು ಸಿಕ್ಕಿದ ದಿನ. ಬೆಂಗಳೂರಿನಿಂದ ರಾತ್ರಿ ನಾನೂ ಸೇರಿ ಮೂವರು ಚೆನ್ನೈ ಮೇಲ್ ಹತ್ತಿದೆವು. ಬೋಗಿಯಲ್ಲಿ ನೋಡಿದರೆ ಪ್ಲಾಸ್ಟಿಕ್ ಫೈಲನ್ನು ದಿಂಬಿನ ಕೆಳಗಿಟ್ಟು ಮಲಗಿದವರು ನಾವಷ್ಟೇ ಅಲ್ಲ.

ಮೊದಲ ದಿನ ಬೆರಳಚ್ಚು. ಎಡಗೈಯ ನಾಲ್ಕು, ಬಲಗೈಯ ನಾಲ್ಕು, ಆಮೇಲೆ ಎರಡು ಹೆಬ್ಬೆರಳು. ಮೇಷ್ಟ್ರದು ಒಂದೇ ಸಲಕ್ಕೆ ಆಯಿತು. ಅಮ್ಮನ ಬೆರಳನ್ನು ಯಂತ್ರ ಒಪ್ಪಲಿಲ್ಲವಂತೆ. ನಾರು ಎಳೆದು, ಚಿಪ್ಪು ತೆಗೆದು, ಪಾತ್ರೆ ತಿಕ್ಕಿ ಗೆರೆಗಳು ಸವೆದುಹೋಗಿವೆ. ಅಲ್ಲಿದ್ದ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಒರೆಸಿಸಿ, ತನ್ನ ಕೈಯಿಂದಲೇ ಬೆರಳುಗಳನ್ನು ಗಾಜಿನ ಮೇಲೆ ಒತ್ತಿ ಹಿಡಿದಳಂತೆ. ಮತ್ತೆ ಮತ್ತೆ ಒತ್ತಿದ ಮೇಲೆ ಹಸಿರು ದೀಪ ಬಂತು. ಅಮ್ಮ ಹೊರಗೆ ಬಂದು ಕೈ ಚಾಚಿ ನಮಗೂ ತೋರಿಸಿದರು. ತೋರುಬೆರಳ ತುದಿ ನುಣ್ಣಗೆ ಹೊಳೆಯುತ್ತಿತ್ತು, ಹೆಬ್ಬೆರಳ ಪಕ್ಕದಲ್ಲಿ ಹಳೆಯದೊಂದು ಮಚ್ಚಿನ ಗಾಯದ ಗೆರೆ. ಸಂಜೆ ಮೈಲಾಪುರದ ಕಪಾಲೀಶ್ವರನಿಗೆ ಕೈ ಮುಗಿದು ಬಂದರು. ಹೈದರಾಬಾದಿಗೆ ಹೋಗಿದ್ದರೆ ಚಿಲ್ಕೂರಿನ ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಬಹುದಿತ್ತು ಎಂಬ ಮಾತೂ ಬಂತು. ವೀಸಾ ಬೇಡಿಕೊಳ್ಳುವವರು ಹನ್ನೊಂದು ಸುತ್ತುತ್ತಾರೆ, ಸಿಕ್ಕವರು ಬಂದು ನೂರೆಂಟು ಸುತ್ತುತ್ತಾರೆ.

ಜೆಮಿನಿ ಸರ್ಕಲ್ ಬೆಳಗಿನ ಹೊತ್ತಿಗೇ ಎದ್ದಿರುತ್ತದೆ. 1973ರಲ್ಲಿ ಕಟ್ಟಿದ ಮೇಲ್ಸೇತುವೆಯ ಮೇಲೆ ಬಸ್ಸುಗಳ ಸಾಲು, ಕೆಳಗೆ ಅಣ್ಣಾ ಸಾಲೈಯ ಮಗ್ಗುಲಲ್ಲಿ ಕಾನ್ಸುಲೇಟಿನ ಎತ್ತರದ ಗೋಡೆ, ಗೋಡೆಯ ಉದ್ದಕ್ಕೂ ಜನ. ಇಸ್ತ್ರಿ ಅಂಗಿಯ ವಿದ್ಯಾರ್ಥಿಗಳು ತುಟಿಯಲ್ಲೇ ಉತ್ತರ ಮಣಮಣ ಅನ್ನುತ್ತಿದ್ದಾರೆ. ರೇಷ್ಮೆ ಸೀರೆಯುಟ್ಟ ಅಜ್ಜಿಯೊಬ್ಬರಿಗೆ ಮೊಮ್ಮಗ ನೀರಿನ ಬಾಟಲಿ ಹಿಡಿದಿದ್ದಾನೆ. ಫೋನು, ಬ್ಯಾಗು ಒಳಗೆ ಬಿಡುವುದಿಲ್ಲ, ಅವುಗಳಿಗೆ ಒಳಗೆ ಕಪಾಟೂ ಇಲ್ಲ. ಗೊತ್ತಿಲ್ಲದೆ ತಂದವರು ಅಕ್ಕಪಕ್ಕದ ಅಂಗಡಿಯವರಲ್ಲಿ ದುಡ್ಡು ಕೊಟ್ಟು ಇಟ್ಟು ಓಡಿ ಬರುತ್ತಾರೆ. ನಮ್ಮವರು ಕೈಯಲ್ಲಿ ಪಾರದರ್ಶಕ ಫೈಲು ಮಾತ್ರ ಹಿಡಿದು ಒಳಗೆ ಹೋದರು, ಫೋನೆರಡೂ ನನ್ನ ಜೇಬಿಗೆ ಬಂದವು.

ನಾನು ರಸ್ತೆ ದಾಟಿ ಕೆಥೆಡ್ರಲ್ ರಸ್ತೆಯ ಫುಟ್‌ಪಾತಿನಲ್ಲಿ ನಿಂತೆ. ಎದುರಿಗಿರುವ ಸೆಮ್ಮೊಳಿ ಪೂಂಗಾ 2010ರಲ್ಲಿ ತೆರೆದ ಉದ್ಯಾನ. ಅದಕ್ಕೆ ಮುಂಚೆ ಈ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ಹೋಟೆಲು. ಈಗ ಅದೇ ಮರಗಳ ಹತ್ತಿರ, ಒಳಗೆ ಹೋದವರ ದಾರಿ ಕಾಯುತ್ತ ಹಾಸನದವರೊಬ್ಬರು, ಶಿರಸಿಯವರೊಬ್ಬರು, ನಾನು. ಮಾತೆಲ್ಲ ಕನ್ನಡದಲ್ಲೇ.

ಹೊರಗೆ ಬರುವವರ ಕೈ ನೋಡಿದರೆ ಫಲಿತಾಂಶ ತಿಳಿಯುತ್ತದೆ. ಪಾಸ್‌ಪೋರ್ಟ್ ಒಳಗೇ ಉಳಿದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ಪಾಸ್‌ಪೋರ್ಟಿನ ಜೊತೆ ಒಂದು ಹಾಳೆ ಹಿಡಿದು ಬಂದರೆ ಅದು ಹೆಚ್ಚಾಗಿ 214(ಬಿ). ಒಬ್ಬ ಹುಡುಗ ಹಾಗೆ ಬಂದ. ಅವನಪ್ಪ ಏನೂ ಕೇಳಲಿಲ್ಲ, ಹೆಗಲ ಮೇಲೆ ಕೈಹಾಕಿ "ಮೊದಲು ಏನಾದ್ರೂ ತಿನ್ನು ಬಾ" ಎಂದು ಕರೆದುಕೊಂಡು ಹೋದರು. ಈ ನಿರಾಕರಣೆಗೆ ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಸಾಲು. ಅದು ಅವನ ಯೋಗ್ಯತೆಯ ತೀರ್ಪಲ್ಲ ಎಂದು ಓಡಿಹೋಗಿ ಹೇಳಬೇಕೆನಿಸಿತು.

ನಮ್ಮವರು ಹೊರಬಂದಾಗ ಅಮ್ಮ ಮುಂದೆ, ಮೇಷ್ಟ್ರು ಹಿಂದೆ. ಇಬ್ಬರ ಕೈಯಲ್ಲೂ ಪಾಸ್‌ಪೋರ್ಟ್ ಇಲ್ಲ. ಇಡ್ಲಿಯ ಮುಂದೆ ಕೂತು ಅಮ್ಮ ಎಲ್ಲ ಹೇಳಿದರು.

"ಕನ್ನಡದಲ್ಲಿ ಮಾತಾಡ್ತೀನಿ ಅಂದೆ. ಪಕ್ಕದಿಂದ ಕನ್ನಡ ಬರೋರೊಬ್ರು ಬಂದ್ರು. ಯಾಕೆ ಹೋಗ್ತೀರಿ ಅಂದ್ರು. ಮಗಳು ಬಸುರಿ, ಮೊದಲನೇ ಹೆರಿಗೆ, ಅದಕ್ಕೇ ಅಂದೆ. ಅಲ್ಲಿ ಎಷ್ಟು ದಿನ ಇರ್ತೀರಿ ಅಂದ್ರು, ಐದು ತಿಂಗಳು ಅಂದೆ. ಊರಲ್ಲಿ ಏನು ಮಾಡ್ತೀರಿ ಅಂತ ಕೇಳಿದ್ರು. ತೆಂಗಿನ ತೋಟ ಇದೆ, ಕೊಬ್ಬರಿ ಮಾಡ್ತೀವಿ ಅಂದೆ. ಅಷ್ಟಕ್ಕೇ ಬಿಡಲಿಲ್ಲ ಕಿಟಕಿ ಹಿಂದಿನ ಆಯಮ್ಮ, ಹೇಗೆ ಮಾಡ್ತೀರಿ ಅಂತ ಕೇಳಿದಳು! ಅಟ್ಟ, ಕಾಯಿ, ಎಲ್ಲ ಹೇಳಿದೆ. ನೀವಿಲ್ಲದಾಗ ಯಾರು ನೋಡ್ಕೋತಾರೆ ಅಂದ್ಲು. ನಮ್ಮ ಮೈದುನ ನೋಡ್ಕೋತಾನೆ, ಆದ್ರೆ ಮಂಡಿ ಲೆಕ್ಕ ಅವನಿಗೆ ಬರಲ್ಲ, ಇಳಿಸೋ ಹೊತ್ತಿಗೆ ನಾನೇ ಬರಬೇಕು ಅಂದೆ. ಇವರನ್ನ ಒಂದೇ ಒಂದು ಪ್ರಶ್ನೆ ಕೇಳಿದ್ರು."

"ಏನಂತ?"

"ನಿಮ್ಮ ಹೆಂಡತಿ ಹೇಳಿದ್ದು ಸರಿಯೇ ಅಂತ" ಎಂದರು ಮೇಷ್ಟ್ರು. ಅವರ ಮುಖದಲ್ಲಿ ಹೆಮ್ಮೆ ಮುಚ್ಚಿಡಲಾಗದೆ ತುಳುಕುತ್ತಿತ್ತು. ಪಹಣಿ, ಪಿಂಚಣಿ ಆದೇಶ, ಎಫ್‌ಡಿ ರಸೀತಿ, ಮಗಳ ಮದುವೆಯ ಆಮಂತ್ರಣ ಪತ್ರಿಕೆ ಯಾವುದನ್ನೂ ಫೈಲಿನಿಂದ ಹೊರಗೆ ತೆಗೆಯಬೇಕಾಗಿ ಬರಲಿಲ್ಲ.

ಪಾಸ್‌ಪೋರ್ಟ್ ಬಂದ ದಿನ ಮೇಷ್ಟ್ರು ವೀಸಾದ ಚೀಟಿಯನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದರು: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ. ಹತ್ತು ವರ್ಷದ ವೀಸಾ, ಎಷ್ಟು ಸಲವಾದರೂ ಹೋಗಿ ಬರಬಹುದು. ಹತ್ತು ವರ್ಷ ಎಂದರೆ ಹತ್ತು ವರ್ಷ ಇರಬಹುದೆಂದು ನೆಂಟರಲ್ಲಿ ಕೆಲವರು ತಿಳಿದರು. ಹಾಗಲ್ಲ. ವೀಸಾ ಬಾಗಿಲು ತಟ್ಟಲು ಕೊಟ್ಟ ಅನುಮತಿ. ಒಳಗೆ ಬಿಡುವುದು, ಎಷ್ಟು ದಿನಕ್ಕೆಂದು ಬರೆಯುವುದು, ಇಳಿದಾಗ ಎದುರಾಗುವ ಗಡಿ ಅಧಿಕಾರಿಯ ಕೆಲಸ.

ದಸರಾ ಕಳೆದು ಹೊರಡುವ ತಯಾರಿ. ಅಡುಗೆಮನೆಯಲ್ಲಿ ಬಾಣಂತಿಯ ಸಾಮಾನು ಹರಡಿತ್ತು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಒಣಶುಂಠಿ, ಚಟ್ನಿಪುಡಿ, ಓಮ. ಒಂದು ಚೀಲದಲ್ಲಿ ಉಂಡೆ ಕೊಬ್ಬರಿಯೂ ಇತ್ತು. ಮಗಳು ಫೋನಿನಲ್ಲೇ ಕೂಗಿದಳು: "ಅಮ್ಮಾ, ಕೊಬ್ಬರಿ ಮಾತ್ರ ಬೇಡ!" ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಹುದೆಂದು ಒಣಕೊಬ್ಬರಿಯನ್ನು ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಪೆಟ್ಟಿಗೆಯಲ್ಲಿ ಕಂಡರೆ ತೆಗೆದಿಡುತ್ತಾರೆ. ಅಮ್ಮನಿಗೆ ನಿಜಕ್ಕೂ ಬೇಸರವಾಯಿತು. ಬೆಳೆದವರು ಕೊಂಡೊಯ್ಯಲಾಗದ ಬೆಳೆ. ಅಂಟಿನುಂಡೆಗೆ ತುರಿದು ಹುರಿದು ಹಾಕಿದ್ದಷ್ಟೇ ಹೋಗಲಿ ಎಂದು ಸಮಾಧಾನ ಮಾಡಿಕೊಂಡರು. ಪುಡಿಗಳೆಲ್ಲ ದೊಡ್ಡ ಪೆಟ್ಟಿಗೆಗೆ ಹೋದವು. ಅಮೆರಿಕದ ವಿಮಾನದಲ್ಲಿ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಇದ್ದರೆ ಬೇರೆಯಾಗಿ ತಪಾಸಣೆ. ಮೇಷ್ಟ್ರ ಬಿಪಿ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಪಟ್ಟಿಯಲ್ಲೇ ಬಿಟ್ಟು, ವೈದ್ಯರ ಚೀಟಿಯ ಜೊತೆ ಕೈಚೀಲಕ್ಕೆ ಹಾಕಿದರು. ಸಂದರ್ಶಕರಿಗೆ ವಿಮೆ ಅಮೆರಿಕದಲ್ಲಿ ಕಡ್ಡಾಯವಲ್ಲ, ಆದರೂ ಮಗಳು ಮಾಡಿಸಿದಳು. ಅಲ್ಲಿಯ ಆಸ್ಪತ್ರೆಯ ಬಿಲ್ಲಿನ ಮುಂದೆ ಇಲ್ಲಿಯ ಎಫ್‌ಡಿ ನಿಲ್ಲುವುದಿಲ್ಲ.

ಅಬುಧಾಬಿಯ ಮೂಲಕ ಟಿಕೆಟ್. ಅಲ್ಲಿನ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಗಡಿ ಅಧಿಕಾರಿಗಳು ಕೂತಿರುತ್ತಾರೆ, ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಅಲ್ಲೇ ಮುಗಿದು, ಶಿಕಾಗೊದಲ್ಲಿ ಊರೊಳಗಿನ ಪ್ರಯಾಣಿಕರ ಹಾಗೆ ಇಳಿದು ಮನೆಗೆ ಹೋಗಬಹುದು. ತಿನ್ನುವ ಸಾಮಾನು ಇದೆಯೇ ಎಂದು ಅಧಿಕಾರಿ ಕೇಳಿದಾಗ ಇದೆ ಅಂತಲೇ ಹೇಳಬೇಕು, ಮುಚ್ಚಿಟ್ಟರೆ ದಂಡ. ಅಮ್ಮ ಇದೆ ಅಂದರು, ಒಂದೊಂದರ ಹೆಸರೂ ಹೇಳಿದರು. ತಾಜಾ ಹಣ್ಣು, ಬಿತ್ತನೆ ಬೀಜ, ಮಾಂಸ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು. ಆರು ತಿಂಗಳ ಅನುಮತಿ ಸಿಕ್ಕಿತು.

ಶಿಕಾಗೊ ಮುಟ್ಟಿದ ಮರುದಿನ ಮೇಷ್ಟ್ರು ವಾಟ್ಸ್ಆಪಿನಲ್ಲಿ ಕಳಿಸಿದ್ದು ಮಗಳ ಮನೆಯ ಚಿತ್ರವಲ್ಲ, ಐ-94 ಎಂಬ ದಾಖಲೆಯ ಪುಟ. ಎಲ್ಲಿಯವರೆಗೆ ಇರಬಹುದೆಂಬ ತಾರೀಖು ಇರುವುದು ಅದರಲ್ಲಿ, ಆನ್‌ಲೈನಿನಲ್ಲಿ ತೆಗೆದುಕೊಳ್ಳಬಹುದು. ಆ ತಾರೀಖನ್ನು ಒಂದು ದಿನ ಮೀರಿದರೂ ಹತ್ತು ವರ್ಷದ ವೀಸಾ ರದ್ದು. 180 ದಿನ ಮೀರಿ ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮತ್ತೆ ಕಾಲಿಡುವಂತಿಲ್ಲ. ಮೇಷ್ಟ್ರು ತಾರೀಖಿನ ಸುತ್ತ ಕೆಂಪು ಗೆರೆ ಎಳೆದಿದ್ದರು. ಸಂಜೆ ಫೋನ್ ಮಾಡಿದಾಗ ಮಗಳು ಹಿಂದಿನಿಂದ, ಕೊಟ್ಟ ಆರು ತಿಂಗಳೂ ಇದ್ದು ಹೋಗಿ ಎಂದು ಹಟ ಹಿಡಿಯುವುದು ಕೇಳಿಸುತ್ತಿತ್ತು. ಅಮ್ಮ ಫೋನ್ ಇಸಿದುಕೊಂಡು ನನಗೆ ಹೇಳಿದರು:

"ಅವಳತ್ತೆ ಮಾರ್ಚಿಗೆ ಬರ್ತಾರೆ, ಅವರ ವೀಸಾನೂ ಆಗಿದೆ. ನಾನು ಶಿವರಾತ್ರಿ ಕಳೆದ ಕೂಡಲೇ ಹೊರಡೋದೇ. ನಮ್ಮ ಮೈದುನನಿಗೆ ಒಂದು ಮಾತು ಹೇಳಿಬಿಡಪ್ಪ, ಬಡಗಣ ಅಟ್ಟದ ಕಾಯಿ ನಾನು ಬರೋವರೆಗೂ ಮುಟ್ಟೋದು ಬೇಡ ಅಂತ."